ಇಥಿಯೋಪಿಯಾ: ಒಂದು ದೇಶವನ್ನು ಓದುವ ಬಗೆ



ಈ ದತ್ತಿ ಉಪನ್ಯಾಸಕ್ಕೆ ಇಥಿಯೋಪಿಯಾ ದೇಶದ ಚರಿತ್ರೆಯನ್ನೂ ಜನಜೀವನವನ್ನೂ ಕುರಿತ ಪುಸ್ತಕಗಳನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ತುಮಕೂರು ಜಿಲ್ಲೆಯ ಕ್ಯಾತ್ಸಂದ್ರದ ಸಭೆಯಲ್ಲಿ ಇದೇಕೆ ಎಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ. ಮೊದಲು ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು ಆಫ್ರಿಕಾವನ್ನು ಓದಿದ್ದೇವೆ, ಆಫ್ರಿಕಾದ ಒಂದು ದೇಶವನ್ನು ಓದಿಲ್ಲ. ಆ ಖಂಡ ನಮಗೆ ಒಂದು ಸಂಕೇತವಾಗಿ ಒದಗಿಬಂತು. ನಮ್ಮ ನೋವು, ಸಿಟ್ಟುಗಳನ್ನು ಆಡಿಕೊಳ್ಳಲು ನೆರವಾಯಿತು. ಅದರಿಂದ ನಮಗೆ ಲಾಭವೇ ಆಗಿದೆ. ಆದರೆ ಸಂಕೇತದ ಜೊತೆ ನಮ್ಮನ್ನು ಹೋಲಿಸಿ ನೋಡಲು ಬರುವುದಿಲ್ಲ. ಹೋಲಿಸಬೇಕಾದರೆ ಊರು ಬೇಕು, ಇಸವಿ ಬೇಕು, ಭೂಮಿಯ ಕಾಯಿದೆ, ಕಂದಾಯ, ಬೆಳೆ, ಜನರ ಒಳಜಗಳ ಎಲ್ಲವೂ ಬೇಕು. ಅವು ಸಿಗುವುದು ಒಂದೊಂದು ದೇಶದ ಚರಿತ್ರೆಯಲ್ಲಿ, ಅದರಲ್ಲೂ ಆ ದೇಶದವರೇ ಒಬ್ಬರೊಡನೊಬ್ಬರು ವಾದ ಹೂಡಿ ಬರೆದ ಚರಿತ್ರೆಯಲ್ಲಿ.

ಕನ್ನಡಕ್ಕೆ ಬಂದ ಆಫ್ರಿಕಾ ಯಾವುದೆಂದು ನೋಡೋಣ. ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಬರೆದ ಮೊದಲ ಕಾದಂಬರಿಯನ್ನು ಸಿ. ನಾಗಣ್ಣ ‘ಭಂಗ’ ಎಂಬ ಹೆಸರಿನಲ್ಲಿ ಕನ್ನಡಿಸಿದರು. ಕೀನ್ಯಾದ ಗೂಗಿ ವಾ ಥಿಯೊಂಗೊ ಅವರ ಚಿಂತನೆಯನ್ನು ರಹಮತ್ ತರೀಕೆರೆ ಅನುವಾದಿಸಿದರು. ಇಂಗ್ಲಿಷಿನ ಯಜಮಾನಿಕೆ, ದೇಶಭಾಷೆಯಲ್ಲಿ ಬರೆಯುವ ಛಲ, ವಸಾಹತು ಆಳ್ವಿಕೆ ಮನಸ್ಸಿಗೆ ಮಾಡಿದ ಗಾಯ ಇವೆಲ್ಲ ನಮ್ಮ ಚರ್ಚೆಗಳೇ ಆಗಿದ್ದರಿಂದ ಈ ಲೇಖಕರು ನಮಗೆ ಬಹಳ ಬೇಗ ಹತ್ತಿರವಾದರು. 1980ರ ದಶಕದಲ್ಲಿ ನೀನಾಸಂ ಬಳಗ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಕಡೆಯ ಸಿದ್ದಿ ಜನರಿಂದ ಅಚಿಬೆಯ ಅದೇ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿತು. ನಿರ್ದೇಶಿಸಿದವರು ಚಿದಂಬರರಾವ್ ಜಂಬೆ. ಕಾಡಿನಂಚಿನಲ್ಲಿ ಕೂಲಿ ಮಾಡಿಕೊಂಡು, ಯಾರ ಕಣ್ಣಿಗೂ ಬೀಳದೆ ಬದುಕುತ್ತಿದ್ದ ಸಮುದಾಯ ರಂಗದ ನಡುವೆ ಬಂದು ನಿಂತಿತು. ಕನ್ನಡ ರಂಗಭೂಮಿ ಹೆಮ್ಮೆಪಡಬೇಕಾದ ಕೆಲಸ ಅದು. ರಂಗಭೂಮಿಗೆ ಅಂಥ ಸ್ವಾತಂತ್ರ್ಯ ಇರಲೇಬೇಕು. ಆದರೆ ಓದುಗರಾಗಿ ನಾವು ಒಂದು ಸಂಗತಿಯನ್ನು ಮರೆಯಬಾರದು. ಅಚಿಬೆ ಚಿತ್ರಿಸಿದ್ದು ಆಫ್ರಿಕಾದ ಪಶ್ಚಿಮ ಅಂಚಿನ ಇಗ್ಬೊ ಜನರನ್ನು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹುಪಾಲು ಜನರ ಪೂರ್ವಿಕರು ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದವರು, ಖಂಡದ ಪೂರ್ವ ತೀರದವರು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಸಿದ್ದಿಗಳ ಮೂಲವನ್ನು ಬಂಟು ಭಾಷೆಗಳನ್ನಾಡುವ ಜನರಲ್ಲಿ ಗುರುತಿಸಿತು. ಅವರ ಚರಿತ್ರೆ ಬೇಕೆನ್ನುವವರು ಮೊಜಾಂಬಿಕ್ ದೇಶದ ಪುಸ್ತಕಗಳನ್ನು ತೆರೆಯಬೇಕು. ಬಿಜಾಪುರದ ಆಸ್ಥಾನದಲ್ಲಿ ಮಂತ್ರಿಗಳಾಗಿದ್ದ ಹಬಶಿಗಳ ಚರಿತ್ರೆ ಬೇಕೆನ್ನುವವರು ಇಥಿಯೋಪಿಯಾದ ಪುಸ್ತಕಗಳನ್ನು ತೆರೆಯಬೇಕು. ‘ಆಫ್ರಿಕಾದವರು’ ಎಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಇಬ್ಬರ ಚರಿತ್ರೆಯೂ ಕೈತಪ್ಪಿ ಹೋಗುತ್ತದೆ.

ಐವತ್ತಕ್ಕೂ ಮಿಕ್ಕಿದ ದೇಶಗಳಲ್ಲಿ ಇಥಿಯೋಪಿಯಾವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಫ್ರಿಕಾ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಕಥೆಯ ಚೌಕಟ್ಟು ಒಂದೇ. ಹಳ್ಳಿ ತನ್ನ ಪಾಡಿಗೆ ತಾನಿತ್ತು, ಬಿಳಿಯರು ಬಂದರು, ಎಲ್ಲವೂ ಒಡೆದುಹೋಯಿತು. ಇಥಿಯೋಪಿಯಾ ಈ ಚೌಕಟ್ಟಿನಲ್ಲಿ ಕೂರುವುದಿಲ್ಲ. ಅಲ್ಲಿನ ಅಕ್ಸುಮ್ ರಾಜ್ಯ ಸ್ವಂತ ನಾಣ್ಯ ಟಂಕಿಸಿತ್ತು. ನಾಲ್ಕನೆಯ ಶತಮಾನದಲ್ಲಿ ಅದರ ಅರಸ ಎಜಾನ ಕ್ರೈಸ್ತನಾದ. ಯೂರೋಪಿನ ಎಷ್ಟೋ ದೇಶಗಳಿಗಿಂತ ಮೊದಲೇ ಅಲ್ಲಿ ಚರ್ಚು ಬೇರುಬಿಟ್ಟಿತ್ತು. ಗೀಜ್ ಭಾಷೆಗೆ ತನ್ನದೇ ಲಿಪಿಯಿದೆ. ಆ ಲಿಪಿಯಲ್ಲಿ ವ್ಯಂಜನದ ರೂಪವೇ ಸ್ವರಕ್ಕೆ ತಕ್ಕಂತೆ ಬದಲಾಗುತ್ತದೆ, ಕಾಗುಣಿತ ಬಲ್ಲ ನಮಗೆ ಅದರ ಕ್ರಮ ಕೂಡಲೇ ಅರ್ಥವಾಗುತ್ತದೆ. 1896ರ ಮಾರ್ಚ್ 1ರಂದು ಆಡ್ವಾದಲ್ಲಿ ಚಕ್ರವರ್ತಿ ಮೆನೆಲಿಕನ ಸೇನೆ ಇಟಲಿಯ ಸೇನೆಯನ್ನು ಸೋಲಿಸಿತು. 1936ರಿಂದ 1941ರವರೆಗಿನ ಇಟಲಿಯ ಆಕ್ರಮಣದ ಐದು ವರ್ಷ ಬಿಟ್ಟರೆ ಆ ದೇಶ ಹೊರಗಿನವರ ಆಳ್ವಿಕೆಗೆ ಒಳಪಡಲಿಲ್ಲ. ಹಾಗೆಂದು ಅದರ ಜನ ಸುಖವಾಗಿದ್ದರೇ? ಇರಲಿಲ್ಲ. ಅಲ್ಲಿನ ಹಸಿವು, ಜೀತ, ದಂಗೆಗಳ ಕಾರಣವನ್ನು ಬಿಳಿಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಒಳಗೇ ಹುಡುಕಬೇಕಾಗುತ್ತದೆ. ಹಾಗೆ ಒಳಗೆ ಹುಡುಕಿದ ಬರಹಗಾರರು ಇಥಿಯೋಪಿಯಾದಲ್ಲಿದ್ದಾರೆ, ನಮಗೆ ಅವರ ಹೆಸರುಗಳೇ ಪರಿಚಯವಿಲ್ಲ.

ತದ್ದೆಸೆ ತಮ್ರತ್ 1972ರಲ್ಲಿ ಪ್ರಕಟಿಸಿದ ಗ್ರಂಥ 1270ರಿಂದ 1527ರವರೆಗಿನ ಅರಸೊತ್ತಿಗೆ ಮತ್ತು ಚರ್ಚುಗಳ ಸಂಬಂಧವನ್ನು ಕುರಿತದ್ದು. ಬಾಹ್ರು ಜೆವ್ಡೆ 1991ರಲ್ಲಿ ಪ್ರಕಟಿಸಿದ ಆಧುನಿಕ ಇಥಿಯೋಪಿಯಾದ ಚರಿತ್ರೆ 1855ರಿಂದ 1974ರವರೆಗೆ ಸಾಗುತ್ತದೆ. ಚಕ್ರವರ್ತಿಗಳು ಚದುರಿಹೋಗಿದ್ದ ನಾಡನ್ನು ಹೇಗೆ ಒಟ್ಟುಗೂಡಿಸಿದರು, ರಾಜಧಾನಿ ಹೇಗೆ ಬಲಿಯಿತು ಎಂಬುದನ್ನು ಅಳತೆ ತಪ್ಪದೆ ಹೇಳುವ ಪುಸ್ತಕ ಅದು. ಅದರ ಹಿಂದಿನ ವರ್ಷವೇ, 1990ರಲ್ಲಿ, ಮೊಹಮ್ಮದ್ ಹಸ್ಸೆನ್ ಓರೊಮೊ ಜನರ ಚರಿತ್ರೆಯನ್ನು ಪ್ರಕಟಿಸಿದರು. ಇಥಿಯೋಪಿಯಾದ ಅತಿ ದೊಡ್ಡ ಜನಸಮುದಾಯ ಓರೊಮೊ. ಆದರೂ ಅರಮನೆಯ ವೃತ್ತಾಂತಗಳಲ್ಲಿ ಅವರು ಬಹುಕಾಲ ಹೊರಗಿನಿಂದ ನುಗ್ಗಿದ ದಾಳಿಕೋರರಾಗಿಯೇ ಉಳಿದಿದ್ದರು. ಹಸ್ಸೆನ್ ಬಾಯಿಮಾತಿನ ಪರಂಪರೆಯನ್ನೂ ಬರಹದ ಆಧಾರಗಳನ್ನೂ ಜೊತೆಗಿಟ್ಟು ಆ ಕಥೆಯನ್ನು ಓರೊಮೊಗಳ ಕಡೆಯಿಂದ ಕಟ್ಟಿದರು. ಬಾಹ್ರು ಜೆವ್ಡೆಯಲ್ಲಿ ನಾಡು ಒಂದುಗೂಡಿದ ಘಟ್ಟವೇ ದಕ್ಷಿಣದ ಜನರ ಕಡೆಯಿಂದ ನೋಡಿದಾಗ ನೆಲ ಕಳೆದುಕೊಂಡ ಘಟ್ಟ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದದೆ ಇಥಿಯೋಪಿಯಾ ಅರ್ಥವಾಗದು. 2020ರಿಂದ 2022ರವರೆಗೆ ಉತ್ತರದ ಟಿಗ್ರೆಯಲ್ಲಿ ನಡೆದ ಭೀಕರ ಯುದ್ಧ, ಓರೊಮಿಯಾದಲ್ಲಿ ಇನ್ನೂ ಆರದ ಬೇಗುದಿ, ಇವುಗಳ ಬೇರು ಈ ಭಿನ್ನ ನೆನಪುಗಳಲ್ಲೇ ಇದೆ.

ಇದೇ ಓರೊಮೊ ಜನರ ಬಗ್ಗೆ ಇನ್ನೂ ಹಳೆಯ ಬರಹವೊಂದಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1593ರಲ್ಲಿ ಬಾಹ್ರೆ ಎಂಬ ಕ್ರೈಸ್ತ ಸಂನ್ಯಾಸಿ ಗೀಜ್ ಭಾಷೆಯಲ್ಲಿ ಒಂದು ಕಿರುಹೊತ್ತಗೆ ಬರೆದ. ಓರೊಮೊಗಳ ಏರಿಬರುವಿಕೆಯನ್ನು ಕಣ್ಣಾರೆ ಕಂಡವನು ಆತ. ಅವರ ಮೇಲೆ ಅವನಿಗೆ ಪ್ರೀತಿಯಿಲ್ಲ. ಆದರೂ ಅವರ ಗಡ ಪದ್ಧತಿಯನ್ನು ಎಚ್ಚರದಿಂದ ಗಮನಿಸಿ ದಾಖಲಿಸುತ್ತಾನೆ. ಆ ಪದ್ಧತಿಯಲ್ಲಿ ಅಧಿಕಾರ ಎಂಟು ವರ್ಷಕ್ಕೊಮ್ಮೆ ಒಂದು ತಲೆಮಾರಿನ ಗುಂಪಿನಿಂದ ಮುಂದಿನದಕ್ಕೆ ಹೋಗುತ್ತದೆ, ಯಾರೂ ಸಾಯುವತನಕ ಆಳುವಂತಿಲ್ಲ. ಹೊತ್ತಗೆಯ ಕೊನೆಯ ಹೊತ್ತಿಗೆ ಬಾಹ್ರೆ ತನ್ನ ಜನರಿಗೇ ಒಂದು ಪ್ರಶ್ನೆ ಹಾಕುತ್ತಾನೆ. ಸಂಖ್ಯೆಯಲ್ಲಿ ಹೆಚ್ಚಿದ್ದೂ, ಆಯುಧಗಳಿದ್ದೂ ನಾವೇಕೆ ಸೋಲುತ್ತಿದ್ದೇವೆ? ದೇವರ ಶಿಕ್ಷೆ ಎನ್ನುವವರಿದ್ದಾರೆಂದು ಹೇಳಿ, ಅವನು ಸಮಾಜದ ಲೆಕ್ಕ ತೆಗೆಯುತ್ತಾನೆ. ನಮ್ಮ ಸಮಾಜ ಹತ್ತು ವರ್ಗಗಳಾಗಿ ಒಡೆದಿದೆ, ಪಾದ್ರಿಗಳು, ಸಂನ್ಯಾಸಿಗಳು, ಕಸುಬುದಾರರು, ವ್ಯಾಪಾರಿಗಳು ಹೀಗೆ ಒಂಬತ್ತು ವರ್ಗಗಳು ಯುದ್ಧಕ್ಕೆ ಬರುವುದಿಲ್ಲ, ಹತ್ತನೆಯದಷ್ಟೇ ಕಾದಾಡುತ್ತದೆ, ಓರೊಮೊಗಳಲ್ಲಿ ಹಾಗಿಲ್ಲ ಎಂಬುದು ಅವನ ಉತ್ತರದ ಸಾರಾಂಶ. ಜಾತಿವಾರು ಕಸುಬಿನ ಸಮಾಜ ಕುರಿತು ಇಷ್ಟೊಂದು ಬರೆದಿರುವ ಕನ್ನಡದಲ್ಲಿ ಈ ಕಿರುಹೊತ್ತಗೆಯ ಚರ್ಚೆ ನಡೆಯಲೇಬೇಕು. ಹತ್ತಿರದ ಕಾಲದಲ್ಲಿ ಅಸ್ಮರೊಮ್ ಲೆಗೆಸ್ಸೆ ಎಂಬ ಮಾನವಶಾಸ್ತ್ರಜ್ಞರು ಗಡ ಪದ್ಧತಿಯ ಮೇಲೆ 1973ರಲ್ಲಿ ಪೂರ್ಣ ಗ್ರಂಥವನ್ನೇ ಪ್ರಕಟಿಸಿದರು. 2016ರಲ್ಲಿ ಯುನೆಸ್ಕೊ ಆ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಥಿಯೋಪಿಯಾದ ಮೇಲೆ ಹೊರಗಿನವರು ಬರೆದ ಸೊಗಸಾದ ಪುಸ್ತಕಗಳಿವೆಯಲ್ಲ, ಅವು ಸಾಲದೇ ಎಂದು ಕೇಳಬಹುದು. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಪೋಲೆಂಡಿನ ಪತ್ರಕರ್ತ ಕಪುಶ್ಚಿನ್ಸ್ಕಿ 1978ರಲ್ಲಿ ಪ್ರಕಟಿಸಿದ, ಚಕ್ರವರ್ತಿ ಹೈಲೆ ಸೆಲಾಸಿಯ ಪತನದ ಕಥೆ. ಹೆಸರು ಮರೆಸಿದ ಆಸ್ಥಾನಿಕರ ಬಾಯಲ್ಲಿ ಅರಮನೆಯ ಒಳಗಿನ ನಡವಳಿಕೆ ಹೇಳಿಸುವ ಆ ಪುಸ್ತಕ ಓದುಗನನ್ನು ಹಿಡಿದು ಕೂರಿಸುತ್ತದೆ. ಆದರೆ ಪೋಲೆಂಡಿನ ಜನ ಅದನ್ನು ತಮ್ಮದೇ ಕಮ್ಯುನಿಸ್ಟ್ ಸರ್ಕಾರದ ಮೇಲಿನ ಟೀಕೆಯಾಗಿ ಓದಿಕೊಂಡರು. ಇಥಿಯೋಪಿಯಾವನ್ನು ಬಲ್ಲವರು ಅದರ ವಿವರಗಳನ್ನೇ ಪ್ರಶ್ನಿಸಿದರು. ಅಂದರೆ ಒಂದು ದೇಶ ಇನ್ನೊಂದು ದೇಶದವರ ಒಡಲುರಿಗೆ ರೂಪಕವಾಗಿ ದುಡಿಯಿತು. ಅಚಿಬೆಯನ್ನು ಓದುವಾಗ ನಾವು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಸಾಹಿತ್ಯದಲ್ಲಿ ಇದು ತಪ್ಪಲ್ಲ. ಅದನ್ನೇ ಆ ದೇಶದ ತಿಳಿವಳಿಕೆ ಎಂದು ನಂಬಿಬಿಡುವುದು ತಪ್ಪು.

ರೂಪಕವನ್ನು ಬದಿಗಿಟ್ಟು ಚರಿತ್ರೆಗೆ ಇಳಿದರೆ ಎಂಥ ಹೋಲಿಕೆ ಸಾಧ್ಯವಾಗುತ್ತದೆ ಎಂಬುದಕ್ಕೆ ಭೂಮಿಯ ಪ್ರಶ್ನೆಯನ್ನೇ ನೋಡಿ. ಇಥಿಯೋಪಿಯಾದ ಉತ್ತರದ ಎತ್ತರದ ಸೀಮೆಯಲ್ಲಿ ಎರಡು ಹಕ್ಕುಗಳಿದ್ದವು. ಒಂದು ರಿಸ್ತ್, ಮೂಲಪುರುಷನ ಸಂತಾನದವರಿಗೆ, ತಂದೆಯ ಕಡೆಯಿಂದಾಗಲಿ ತಾಯಿಯ ಕಡೆಯಿಂದಾಗಲಿ, ಬರುವ ಸಾಗುವಳಿ ಹಕ್ಕು. ಇನ್ನೊಂದು ಗುಲ್ತ್, ಆ ರೈತರಿಂದ ಕಂದಾಯ ಮತ್ತು ಬಿಟ್ಟಿ ದುಡಿಮೆ ಪಡೆಯುವ ಹಕ್ಕು. ಅದನ್ನು ಅರಸ ದಂಡನಾಯಕರಿಗೂ ಚರ್ಚುಗಳಿಗೂ ಕೊಡುತ್ತಿದ್ದ. ಹಳೆಯ ಮೈಸೂರಿನ ಜೋಡಿ ಗ್ರಾಮ, ಇನಾಂ ಗ್ರಾಮಗಳನ್ನು ಬಲ್ಲ ಗುಬ್ಬಿ, ಕುಣಿಗಲ್ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆನೆಲಿಕ್ ದಕ್ಷಿಣವನ್ನು ಗೆದ್ದ ಮೇಲೆ ಅಲ್ಲಿನ ನೆಲವನ್ನು ತನ್ನ ಸೈನಿಕರಿಗೂ ಅಧಿಕಾರಿಗಳಿಗೂ ಹಂಚಿದ. ಉಳುತ್ತಿದ್ದವರು ತಮ್ಮ ನೆಲದಲ್ಲೇ ಗೇಣಿದಾರರಾದರು. 1965ರಲ್ಲಿ ಅಡಿಸ್ ಅಬಾಬಾದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೀದಿಗಿಳಿದು ಉಳುವವನಿಗೆ ಭೂಮಿ ಕೊಡಿ ಎಂದು ಕೂಗಿದರು. 1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿಯನ್ನು ಇಳಿಸಲಾಯಿತು. 1975ರ ಮಾರ್ಚಿನಲ್ಲಿ ಸೈನಿಕ ಸರ್ಕಾರ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿ, ಒಂದು ಕುಟುಂಬಕ್ಕೆ 10 ಹೆಕ್ಟೇರಿನ ಮಿತಿ ಹಾಕಿತು.

ನಮ್ಮಲ್ಲಿ ಇನಾಂ ರದ್ದತಿಯ ಕಾಯಿದೆಗಳು 1954, 1955ರಲ್ಲೇ ಬಂದಿದ್ದವು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಒಂದೇ ಘೋಷಣೆ, ಹೆಚ್ಚುಕಡಮೆ ಒಂದೇ ಕಾಲ. ಫಲ ಮಾತ್ರ ಬೇರೆ. ನಮ್ಮ ಗೇಣಿದಾರ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಸಾಕ್ಷಿ ನುಡಿಸಿ, ಪಹಣಿಯಲ್ಲಿ ಹೆಸರು ಬರೆಸಿಕೊಂಡು ಮಾಲೀಕನಾದ. ಅಲ್ಲಿನ ರೈತನಿಗೆ ಸಾಗುವಳಿಯ ಹಕ್ಕು ಸಿಕ್ಕಿತು, ಮಾರುವ ಹಕ್ಕು ಸಿಗಲಿಲ್ಲ. ಅವರ 1995ರ ಸಂವಿಧಾನವೂ ಭೂಮಿ ಮಾರುವುದನ್ನು ನಿಷೇಧಿಸಿದೆ. ಕರ್ನಾಟಕ 2020ರ ತಿದ್ದುಪಡಿಯಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಬಾಗಿಲು ತೆರೆದಿದೆ. ಮಾರಬಾರದೆಂದರೆ ಸರ್ಕಾರವೇ ಭೂಮಾಲೀಕನಾಗಿ ರೈತನನ್ನು ಅಂಕೆಯಲ್ಲಿಟ್ಟುಕೊಳ್ಳುತ್ತದೆ ಎಂಬ ದೂರು ಅಲ್ಲಿ ಕೇಳಿಬರುತ್ತದೆ. ಮಾರಬಹುದೆಂದರೆ ಸಣ್ಣ ಹಿಡುವಳಿದಾರ ಒಂದು ಬರಗಾಲದಲ್ಲಿ ಬರಿಗೈಯಾಗುತ್ತಾನೆ ಎಂಬ ಆತಂಕ ಇಲ್ಲಿಯದು. ತುಮಕೂರಿನ ಹೆದ್ದಾರಿಯಂಚಿನ ಹೊಲಗಳ ಬೆಲೆ ಏರುತ್ತಿರುವ ಹೊತ್ತಿನಲ್ಲಿ ಈ ಎರಡು ಅನುಭವಗಳನ್ನು ಎದುರುಬದುರು ಇಟ್ಟು ಯೋಚಿಸಬೇಕಾದ ಅಗತ್ಯ ನಮಗಿದೆ. ಬಾಹ್ರು ಜೆವ್ಡೆ ಆ ವಿದ್ಯಾರ್ಥಿ ಚಳವಳಿಯ ಮೇಲೆಯೇ 2014ರಲ್ಲಿ ಇನ್ನೊಂದು ಗ್ರಂಥ ಪ್ರಕಟಿಸಿದ್ದಾರೆ. ನಮ್ಮ ರೈತ ಚಳವಳಿಯ ಅಧ್ಯಯನ ಮಾಡುವವರು ಕೈಗೆತ್ತಿಕೊಳ್ಳಬೇಕಾದ ಪುಸ್ತಕ.

ನಮ್ಮೂರಿನ ಚರಿತ್ರೆಯನ್ನೇ ಇನ್ನೂ ನೆಟ್ಟಗೆ ಬರೆದಿಲ್ಲ, ಇಥಿಯೋಪಿಯಾದ ಗೊಡವೆ ನಮಗೇಕೆ ಎಂಬ ಆಕ್ಷೇಪ ಬಹಳ ಪ್ರಾಮಾಣಿಕವಾದದ್ದು. ಅದಕ್ಕೆ ನನ್ನ ಉತ್ತರ, ಇಲ್ಲಿನ ಊರಿನ ಚರಿತ್ರೆಯ ಕೆಲವು ಹಾಳೆಗಳು ಅಲ್ಲಿಯೇ ಇವೆ. ರಾಗಿಯ ಕಾಡುಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿದೆ, ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಆ ಪಟ್ಟಿಯಲ್ಲೇ ಅದನ್ನು ಮೊದಲು ಬೇಸಾಯಕ್ಕೆ ಪಳಗಿಸಿದರು ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ದಖ್ಖನಿಗೆ ಅದು ಬಂದ ಕಾಲದ ಬಗ್ಗೆ, ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದ ಕಾಳುಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಬಂದ ದಿಕ್ಕಿನ ಬಗ್ಗೆ ಇಲ್ಲ. ಇಥಿಯೋಪಿಯಾದವರು ರಾಗಿಯನ್ನು ಇಂದಿಗೂ ಬೆಳೆದು ರೊಟ್ಟಿಗೂ ಮನೆಯಲ್ಲಿ ಕಾಯಿಸುವ ಪೇಯಕ್ಕೂ ಬಳಸುತ್ತಾರೆ. ಇಲ್ಲಿ ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳ ತಟ್ಟೆಗೆ ಬೀಳುವ ಮುದ್ದೆಯೂ ಅದೇ ಕಾಳಿನದು. ನಂಟು ಪುರಾತನ ಕಾಲಕ್ಕೇ ಮುಗಿದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ತಳಿಗಳಿಗೆ ಆಫ್ರಿಕಾದ ರಾಗಿಯನ್ನು ಅಡ್ಡಹಾಯಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. 1970ರ ದಶಕದಿಂದ ಈ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲೂ ಅವು ಹಬ್ಬಿದವು. ಅತ್ತ ಕಡೆಗೆ ಹೋದದ್ದೂ ಇದೆ. ಸಿದ್ಧಗಂಗೆ ಜಾತ್ರೆಯಲ್ಲಿ ಸಾಲುಗಟ್ಟಿ ನಿಲ್ಲುವ ಹಿಣಿಲಿನ ದನಗಳ ಮೂಲ ಭಾರತ ಉಪಖಂಡ. ಇಂದು ಪೂರ್ವ ಆಫ್ರಿಕಾದ ದನಗಳ ಮೈಯಲ್ಲಿ ಈ ತಳಿಯ ರಕ್ತ ಧಾರಾಳವಾಗಿದೆ. ಯಾವ ಅರಸನ ಶಾಸನದಲ್ಲೂ ಈ ಕೊಡುಕೊಳ್ಳುವಿಕೆ ದಾಖಲಾಗಿಲ್ಲ. ಕಾಳು ಕಟ್ಟಿಕೊಂಡು ಬಂದವರೂ ದನ ಹೊಡೆದುಕೊಂಡು ಹೋದವರೂ ಸಾಮಾನ್ಯ ಜನ.

ಮನುಷ್ಯರೂ ಬಂದರು, ಬಹುಪಾಲು ತಮ್ಮ ಇಚ್ಛೆಯಿಂದಲ್ಲ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗನೊಬ್ಬ ಗುಲಾಮನಾಗಿ ಮಾರಾಟಗೊಂಡು, ಬಾಗ್ದಾದಿನಲ್ಲಿ ಯಜಮಾನನೊಬ್ಬನ ಕೈಯಲ್ಲಿ ಬೆಳೆದು ದಖ್ಖನಿಗೆ ಬಂದ. ಅಹಮದ್‌ನಗರದ ರಾಜ್ಯಕ್ಕೆ ದಿಕ್ಕಾಗಿ ನಿಂತು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದ ಮಲಿಕ್ ಅಂಬರ್ ಅವನೇ. ನಮ್ಮ ಪಠ್ಯಗಳಲ್ಲಿ ಅವನ ಕಥೆ ದಖ್ಖನಿನಿಂದ ಶುರುವಾಗುತ್ತದೆ. ಅದಕ್ಕೂ ಮೊದಲಿನ ಭಾಗವನ್ನು ಇಥಿಯೋಪಿಯಾದ ಚರಿತ್ರೆಯೇ ಹೇಳಬೇಕು. 1529ರಿಂದ 1543ರವರೆಗೆ ಮುಸ್ಲಿಂ ದಂಡನಾಯಕ ಇಮಾಮ್ ಅಹ್ಮದನಿಗೂ ಕ್ರೈಸ್ತ ಅರಸರಿಗೂ ನಡೆದ ಯುದ್ಧ ನಾಡನ್ನು ಸುಟ್ಟಿತು. 1541ರಲ್ಲಿ ಕ್ರೈಸ್ತ ಅರಸನ ನೆರವಿಗೆ ಹೋದ 400 ಪೋರ್ಚುಗೀಸ್ ಬಂದೂಕುಧಾರಿಗಳು ಹೊರಟದ್ದು ನಮ್ಮ ಪಕ್ಕದ ಗೋವೆಯಿಂದ. ಎರಡೂ ಕಡೆಯವರು ಸೆರೆಹಿಡಿದವರನ್ನು ಮಾರಿದರು. ದಖ್ಖನಿನ ಎಂಟು ಬದುಕುಗಳ ಮೂಲಕ ಸಾಮಾಜಿಕ ಚರಿತ್ರೆ ಬರೆದ ರಿಚರ್ಡ್ ಈಟನ್, ಭಾರತದ ಬಟ್ಟೆಗೆ ಇಥಿಯೋಪಿಯಾದ ಮೇಲುವರ್ಗದಲ್ಲಿದ್ದ ಬೇಡಿಕೆಯೂ ಈ ಮಾರಾಟವೂ ಒಂದಕ್ಕೊಂದು ಹೆಣೆದುಕೊಂಡಿದ್ದವೆಂದು ತೋರಿಸುತ್ತಾರೆ. ನಮ್ಮ ನೇಕಾರನ ಮಗ್ಗದ ಬಟ್ಟೆ ಅಲ್ಲಿನ ಹುಡುಗನೊಬ್ಬನ ಬೆಲೆಯಾಗಿತ್ತು ಎಂಬುದು ಸಂಕಟ ಹುಟ್ಟಿಸುವ ಸತ್ಯ. ಅದನ್ನು ನಾವು ಬಚ್ಚಿಡಬಾರದು.

ಮುಹಮ್ಮದ್ ಆದಿಲ್ ಶಾಹನ ಕಾಲದ ಬಿಜಾಪುರದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ದೊಡ್ಡ ಮಂತ್ರಿಯಾಗಿದ್ದ, ಅವನ ಚಿತ್ರಗಳು ಇಂದಿಗೂ ಉಳಿದಿವೆ. ಬಿಜಾಪುರದ ಪರವಾಗಿ ಶಿರಾವನ್ನು ಆಳಿದ ಮಲಿಕ್ ರಿಹಾನನ ಸಮಾಧಿ ಇದೇ ತುಮಕೂರು ಜಿಲ್ಲೆಯಲ್ಲಿದೆ. ಅಂಬರ್, ರಿಹಾನ್, ಯಾಕೂತ್ ಇಂಥ ಪರಿಮಳದ, ರತ್ನದ ಹೆಸರುಗಳನ್ನು ಆ ಕಾಲದಲ್ಲಿ ಗುಲಾಮರಿಗೆ ಇಡುವ ರೂಢಿಯಿತ್ತು. ಹೆಸರೊಂದನ್ನೇ ಹಿಡಿದು ಹುಟ್ಟಿದ ನೆಲ ಹೇಳಲಾಗದು. ಆದರೆ ಆ ಸಮಾಧಿಯ ಮುಂದೆ ಅಂಥದೊಂದು ಪ್ರಶ್ನೆ ಎತ್ತಬೇಕೆಂದು ಹೊಳೆಯುವುದು ಇಥಿಯೋಪಿಯಾದ ಹದಿನಾರನೆಯ ಶತಮಾನವನ್ನು ಓದಿದ ಸಂಶೋಧಕನಿಗೆ ಮಾತ್ರ.

ಇಷ್ಟೆಲ್ಲ ಇಂಗ್ಲಿಷಿನಲ್ಲಿ ಸಿಗುತ್ತದೆ, ಬೇಕಾದವರು ಓದಿಕೊಳ್ಳಲಿ ಎನ್ನುವವರಿಗೆ ಅಚಿಬೆಯನ್ನೇ ತೋರಿಸುತ್ತೇನೆ. ಅವರ ಕಾದಂಬರಿಯೂ ಇಂಗ್ಲಿಷಿನಲ್ಲಿತ್ತು. ಅದು ಮಂಚಿಕೇರಿಯ ಸಿದ್ದಿ ಯುವಕರ ಬಾಯಿಗೆ ಬಂದದ್ದು ಕನ್ನಡವಾದ ಮೇಲೆ. ಪುಸ್ತಕ ಸಿಗುವುದು ಬೇರೆ, ಅದು ಒಂದು ಸಮಾಜದ ಮಾತುಕತೆಯಲ್ಲಿ ಬೆರೆಯುವುದು ಬೇರೆ. ಕಾದಂಬರಿಗಳೇ ಸಾಕಲ್ಲ ಎನ್ನುವವರಿಗೂ ಒಂದು ಮಾತು. 1935ರ ಇಟಲಿಯ ದಾಳಿಯಲ್ಲಿ ಆಯುಧ ಹಿಡಿದ ಹೆಣ್ಣುಮಕ್ಕಳನ್ನು ಕುರಿತು ಮಾಜಾ ಮೆಂಗಿಸ್ಟೆ 2019ರಲ್ಲಿ ಪ್ರಕಟಿಸಿದ ಕಾದಂಬರಿ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಅದು ಕನ್ನಡಕ್ಕೆ ಬರಲೇಬೇಕು. ಆದರೆ ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ಯಜಮಾನಿಯೂ ಇನ್ನೊಬ್ಬಳು ಮನೆಯಾಳೂ ಯಾಕಾದರು ಎಂಬುದನ್ನು ತಿಳಿಯಲು ರಿಸ್ತ್, ಗುಲ್ತ್‌ಗಳ ಚರಿತ್ರೆ ಜೊತೆಗಿರಬೇಕು.

ಆಗಬೇಕಾದ ಕೆಲಸವನ್ನು ಹೇಳಿ ನಿಲ್ಲಿಸುತ್ತೇನೆ. ಬಾಹ್ರು ಜೆವ್ಡೆ ಮತ್ತು ಮೊಹಮ್ಮದ್ ಹಸ್ಸೆನ್ ಅವರ ಗ್ರಂಥಗಳು ಒಟ್ಟಿಗೇ ಅನುವಾದವಾಗಬೇಕು, ಒಂದನ್ನು ಮಾತ್ರ ತಂದರೆ ಅವರ ಒಳಜಗಳದಲ್ಲಿ ನಾವು ತಿಳಿಯದೆಯೇ ಒಂದು ಪಕ್ಷ ಸೇರಿಬಿಡುತ್ತೇವೆ. ಬಾಹ್ರೆಯ ಕಿರುಹೊತ್ತಗೆಗೆ ಅಷ್ಟು ಶ್ರಮವೂ ಬೇಡ, ಅದನ್ನು ಒಂದು ಮಾಸಪತ್ರಿಕೆಯೇ ಹಾಕಬಹುದು. ಮೂರನೆಯದು ಕನ್ನಡದಲ್ಲೇ ಹೊಸದಾಗಿ ಬರೆಯಬೇಕಾದ ಪುಸ್ತಕ. ರಾಗಿ, ಬಟ್ಟೆ, ಗುಲಾಮರ ಮಾರಾಟ, ಬಿಜಾಪುರದ ಹಬಶಿಗಳು, 1974, 1975ರ ಎರಡು ಭೂಸುಧಾರಣೆಗಳು ಒಂದೇ ರಟ್ಟಿನೊಳಗೆ ಬರುವ ಅಂಥ ಪುಸ್ತಕವನ್ನು ಅಡಿಸ್ ಅಬಾಬಾದವರೂ ಲಂಡನ್ನಿನವರೂ ನಮಗಾಗಿ ಬರೆಯಲಾರರು. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಗೆಂದು ಇಥಿಯೋಪಿಯಾದ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಅಂಹರಿಕ್ ಮಾತಾಡುವವರಿದ್ದಾರೆ, ಓರೊಮೊ, ಟಿಗ್ರಿನ್ಯಾ ಮಾತಾಡುವವರೂ ಇದ್ದಾರೆ. ಅನುವಾದಕ್ಕೆ ಕೂರುವವರು ಅವರೆಲ್ಲರನ್ನೂ ಕರೆದು, ಪ್ರತಿ ಅಧ್ಯಾಯವನ್ನೂ ಅವರ ಮುಂದೆ ಓದಿ, ಅವರಲ್ಲಿ ಭಿನ್ನಾಭಿಪ್ರಾಯ ಬಂದ ಕಡೆಯಲ್ಲೆಲ್ಲ ಎರಡೂ ಮಾತನ್ನು ಅಡಿಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.